ಮೊದಲ ಕಾಯಿ ಬೀಳುವವರೆಗೆ

ಅಸ್ಕಾಲೆ ಒಂದು ಕಾಲಾಳನ್ನು ಸರಿಸುವಷ್ಟರಲ್ಲಿ ಕಂಪ್ಯೂಟರ್ ತನ್ನ ಕಡೆಯ ದಂಡನ್ನೆಲ್ಲ ಮುಂದಕ್ಕೆ ತಂದು ನಿಲ್ಲಿಸಿಬಿಟ್ಟಿತ್ತು.

"ಸ್ವಲ್ಪ ತಾಳೋ ಮಾರಾಯ," ಎಂದಳು ಪರದೆಗೆ. ಹೀಗೆ ಗಟ್ಟಿಯಾಗಿ ಮಾತಾಡುವುದು ಈಚೆಗೆ ಅಭ್ಯಾಸವಾಗಿತ್ತು.

ಇಥಿಯೋಪಿಯಾದ ಚದುರಂಗ ಸೆಂತೆರೇಜ್; ಆ ಆಟದ ಆರಂಭವೇ ಹಾಗೆ. ಮೊದಲ ಕಾಯಿ ಬೀಳುವವರೆಗೆ ಸರದಿ ಎಂಬುದಿಲ್ಲ. ಇಬ್ಬರೂ ಒಟ್ಟಿಗೇ, ತಮಗೆ ಬೇಕಾದಷ್ಟು ಸಲ ಕಾಯಿ ನಡೆಸಬಹುದು. ಎದುರಿನವರ ಕೈ ಎತ್ತ ಹೋಗುತ್ತದೆ ನೋಡಿ ತನ್ನ ಕಾಯಿಯನ್ನು ಹಿಂದಕ್ಕೆಳೆದುಕೊಳ್ಳಬಹುದು. ಇದಕ್ಕೆ ವೆರೆರಾ ಎನ್ನುತ್ತಾರೆ. ಯಾರೋ ಒಬ್ಬರು ಒಂದು ಕಾಯಿ ಹೊಡೆದ ಮೇಲೆಯೇ ಒಬ್ಬರಾದ ಮೇಲೆ ಒಬ್ಬರು ಆಡುವ ಶಿಸ್ತು.

ಆದಿಸ್ ಅಬಾಬಾದ ಕಾಲೇಜಿನಲ್ಲಿ ವರ್ಷಗಟ್ಟಲೆ ಪ್ರೋಗ್ರಾಮಿಂಗ್ ಕಲಿಸಿದ ಅಸ್ಕಾಲೆಗೆ ಈ ಆಟದ ಪ್ರೋಗ್ರಾಮಿನಲ್ಲಿ ಕಾಯಿಗಳ ನಡೆ ಬರೆಯುವುದು ಕಷ್ಟವಾಗಲಿಲ್ಲ. ಮಂತ್ರಿ ಓರೆಯಾಗಿ ಒಂದು ಮನೆ, ಆನೆ ಓರೆಯಾಗಿ ಎರಡು ಮನೆ ಹಾರಬೇಕು. ಯಾವ ಮನೆಯಲ್ಲಿ ಯಾವ ಕಾಯಿ, ಅದು ಎಲ್ಲೆಲ್ಲಿಗೆ ಹೋದೀತು, ಎಲ್ಲ ಸರಿಯಾಗಿತ್ತು. ಎಡವಿದ್ದು ಸರದಿಯಲ್ಲಿ. ಚದುರಂಗದ ಹಾಸಿನ ಸ್ಥಿತಿಯ ಜೊತೆಗೆ 'ಈಗ ಯಾರ ಸರದಿ' ಎಂದು ಅಭ್ಯಾಸಬಲದಿಂದ ಬರೆದಿದ್ದಳು. ಆಮೇಲೆ ಅದನ್ನು 'ಯಾರದೂ ಅಲ್ಲ' ಎಂದು ತಿದ್ದಿದಳು. ತಿದ್ದಿದ್ದೇ ತಡ, ಕಂಪ್ಯೂಟರ್ ಕಟ್ಟು ಬಿಚ್ಚಿದ ಕರುವಿನ ಹಾಗೆ ನುಗ್ಗಿತು. ತನ್ನ ಒಂದು ನಡೆಗೆ ಅದರದೂ ಒಂದೇ ನಡೆ ಎಂದು ತಡೆದರೆ ಅದು ಮತ್ತೆ ಸರದಿಯೇ ಆಯಿತು. ನಡುನಡುವೆ ನಿಂತು ನಡೆಯುವಂತೆ ಮಾಡಿದಳು. ಮಾತು ಕೇಳಿಸಿಕೊಳ್ಳದೆ ತಲೆಯಾಡಿಸುವ ನೆಂಟರ ಹಾಗಿತ್ತು ಅದು.

ಗಂಡನನ್ನು ಬಿಟ್ಟು ಬಂದ ಮೇಲೆ ಅವಳು ವಿಧವೆ ಅಕ್ಕ ಲಕೆಚ್ ಜೊತೆಗಿದ್ದಳು. ಭಾನುವಾರ ಇಗರ್ಜಿಯಿಂದ ಬಂದು ಕಾಫಿ ಕುಡಿದು ಆಟಕ್ಕೆ ಕೂತರೆ ಒಲೆಯ ನೆನಪೂ ಇರುತ್ತಿರಲಿಲ್ಲ. ಹೀಗಿರುವಾಗ ಒಂದು ದಿನ ಲಕೆಚ್ ದೀಕ್ಷೆ ತೆಗೆದುಕೊಂಡು ಮಠ ಸೇರಿದಳು. ಜಗಳವಿಲ್ಲ, ಮನಸ್ತಾಪವಿಲ್ಲ, ದೂರಲು ಒಂದು ಕಾರಣವನ್ನಾದರೂ ಬಿಟ್ಟುಹೋಗಬಾರದಿತ್ತೇ ಎಂದು ಅಸ್ಕಾಲೆಗೆ ಅನಿಸುತ್ತಿತ್ತು.

ಈ ದಿನ ಲಕೆಚ್ ಕಣ್ಣು ತೋರಿಸಲು ಊರಿಗೆ ಬಂದಿದ್ದಳು. ಸಂಜೆಯ ಬಸ್ಸಿಗೆ ವಾಪಸು. ಅಷ್ಟರೊಳಗೆ ಒಂದೇ ಒಂದು ಆಟ, ಪೂರ್ತಿ ಆಟ, ಅಕ್ಕನ ಜೊತೆ ಆಡಬೇಕು. ಅಸ್ಕಾಲೆಗೆ ಬೇಕಿದ್ದದ್ದು ಅಷ್ಟೇ.

"ಬನ್ನಿ ಎಮಾಹೋಯ್," ಎಂದಳು, ಸನ್ಯಾಸಿನಿಯರನ್ನು ಕರೆಯುವ ರೀತಿಯಲ್ಲಿ.

"ಅಯ್ಯೋ, ಒಳಗೆ ಬಿಡೇ ಮೊದಲು. ನಿನ್ನ ಮರ್ಯಾದೆ ನನ್ನ ಬೆನ್ನುನೋವಿಗಿಂತ ಜಾಸ್ತಿಯಾಯ್ತು."

ಉಪವಾಸದ ದಿನ, ಮಾಂಸ ಹಾಲು ಮುಟ್ಟುವಂತಿಲ್ಲ. ಕಡಲೆಹಿಟ್ಟಿನ ಶಿರೋ, ಇಂಜೆರಾ ರೊಟ್ಟಿ ಉಂಡು ಕಾಫಿ ಕುಡಿಯುವಾಗ ಅಸ್ಕಾಲೆ ಲ್ಯಾಪ್‌ಟಾಪ್ ತಂದಿಟ್ಟಳು.

"ಇದರ ಜೊತೆ ಆಡಿ ನೋಡು, ಎತಿಯೆ. ತಪ್ಪೆಲ್ಲಿದೆ ಹೇಳು." ಅಕ್ಕ ಎಂಬ ಹಳೆಯ ಮಾತು ತಾನಾಗಿ ಬಂದಿತ್ತು.

"ಆಟ ಬಿಟ್ಟಿದ್ದೀನಲ್ಲೇ. ಕಾಯಿ ಮುಟ್ಟಲ್ಲ."

"ಇದರಲ್ಲಿ ಕಾಯಿ ಎಲ್ಲಿದೆ, ಬರೀ ಬೆಳಕು."

"ಹೂಂ, ಸೈತಾನನೂ ಇದನ್ನೇ ಹೇಳೋದು. ನೀನಾಡು, ನಾನು ನೋಡ್ತೀನಿ."

ನೋಡುವವಳು ಸುಮ್ಮನೆ ನೋಡುವವಳೇ? ಪಕ್ಕದಲ್ಲಿ ಕೂತವರು ಬಾಯಿ ಹಾಕದಿದ್ದರೆ ಅದು ಸೆಂತೆರೇಜೇ ಅಲ್ಲ. ಕಂಪ್ಯೂಟರಿನ ಕಾಯಿಗಳು ಹೊರಡುತ್ತಲೇ ಲಕೆಚ್ ನಾಲಿಗೆ ಲೊಚಗುಟ್ಟಿದಳು.

"ಏನೇ ಇದು, ನಿನ್ನ ಕಡೆ ತಿರುಗಿಯೂ ನೋಡ್ತಿಲ್ಲ! ನೀನು ಕುದುರೆ ಬಿಟ್ಟರೂ ಅಷ್ಟೇ, ಬಿಡದಿದ್ದರೂ ಅಷ್ಟೇ. ಆ ರಥ ಅಲ್ಲಿ ಯಾಕೆ, ಹಿಂದಕ್ಕೆ ತಗೋ ಅನ್ನು."

"ನೀನೇ ಹೇಳು. ನಾನು ಸರಿಸ್ತೀನಿ."

ಅಸ್ಕಾಲೆ ಕಂಪ್ಯೂಟರ್ ತಾನಾಗಿ ಆಡುವುದನ್ನು ನಿಲ್ಲಿಸಿದಳು. ಇನ್ನು ಎರಡು ಕಡೆಯ ಕೈಯೂ ಅವಳದೇ, ಒಂದು ಕಡೆಯ ಬಾಯಿ ಮಾತ್ರ ಲಕೆಚ್‌ದು.

"ಆ ಕಾಲಾಳು ಒಂದು ಮನೆ. ಇನ್ನೊಂದು. ಮೆಲ್ಲಗೆ ಸರಿಸ್ತಿದ್ದೀಯ, ಕಳ್ಳಿ! ನಿನ್ನವು ಮಾತ್ರ ಓಡ್ತಿವೆ."

"ನನಗಿರೋದು ಒಂದೇ ಮೌಸು, ಒಂದೇ ಇಲಿ!"

"ಇಲಿನೋ ಹೆಗ್ಗಣನೋ, ಮಂತ್ರೀನ ಎಡಕ್ಕೆ ತಗೋ. ಬೇಡ, ವಾಪಸ್ ತಗೋ. ನಿನ್ನ ಕುದುರೆ ಅಲ್ಲಿಗೆ ಬಂತಾ? ಹಾಗಾದ್ರೆ ನಾನೂ..."

ಲಕೆಚ್ ನಗುತ್ತಿದ್ದಳು. ಸನ್ಯಾಸಿನಿಯ ಹಳದಿ ಟೋಪಿ ಓರೆಯಾಗಿತ್ತು. ಅವಳ ಕೈ ಪರದೆಯ ಹತ್ತಿರ ಬಂದು ಹಾಗೇ ನಿಂತಿತು. ಆ ಕೈಯನ್ನೇ ಸ್ವಲ್ಪ ಹೊತ್ತು ನೋಡಿ, ಮಡಿಲಿಗೆ ಎಳೆದುಕೊಂಡಳು.

"ಆಡೇಬಿಟ್ಟೆನಲ್ಲೇ."

"ಮುಟ್ಟಲಿಲ್ಲವಲ್ಲ."

"ಮುಟ್ಟೋದು ಏನು ಬಂತು." ಟೋಪಿ ಸರಿಮಾಡಿಕೊಂಡಳು. "ಹೊತ್ತಾಯ್ತು, ಹೊರಡ್ತೀನಿ."

"ಒಂದು ಕಾಯಿಯಾದ್ರೂ ಬೀಳಲಿ, ಎತಿಯೆ. ಒಂದೇ ಒಂದು."

"ಬಿದ್ದರೆ ಮುಗಿಸಬೇಕು ಅನ್ಸುತ್ತೆ. ಮುಗಿಸಿದರೆ ಇನ್ನೊಂದು ಹಾಕು ಅಂತೀನಿ. ನನ್ನನ್ನ ನಾನು ಬಲ್ಲೆ ಕಣೇ. ಅಷ್ಟು ಕಷ್ಟಪಟ್ಟು ಹೋಗಿದ್ದೀನಿ ಅಲ್ಲಿಗೆ." ಅಸ್ಕಾಲೆಯ ಕೆನ್ನೆ ಸವರಿದಳು. "ನಿನಗೆ ಸುಲಭವಾಗುತ್ತೆ ಅಂದ್ಕೊಂಡು ಹೋದೆನೇನು?"

ಬಿಟ್ಟುಹೋದದ್ದರ ಬಗ್ಗೆ ಅಷ್ಟು ದಿನಗಳಲ್ಲಿ ಅಕ್ಕ ಹೇಳಿದ ಮೊದಲ ಮಾತು ಅದು. ಅಸ್ಕಾಲೆ ಬಸ್ಸಿನವರೆಗೂ ಅಕ್ಕನ ಚೀಲ ಹಿಡಿದು ನಡೆದಳು. ಕಿಟಕಿಯಿಂದ ಲಕೆಚ್ ಕೈಯೆತ್ತಿ ಹರಸಿದಳು, ಎಲ್ಲರನ್ನೂ ಹರಸುವ ಹಾಗೆ.

ಮನೆಗೆ ಬಂದಾಗ ಪರದೆಯ ಮೇಲೆ ಹಾಸು ಹಾಗೇ ಇತ್ತು. ಎರಡು ದಂಡುಗಳು ಮೈಗೆ ಮೈ ತಾಗುವಷ್ಟು ಹತ್ತಿರ, ಒಂದು ಕಾಯಿಯೂ ಬಿದ್ದಿಲ್ಲ. ಸರದಿ ಯಾರದೂ ಅಲ್ಲ. ಹಾಗೇ ಉಳಿಸಿಬಿಡಬಹುದಿತ್ತು. ಉಳಿಸಿ, ದಿನಾ ತೆರೆದು ನೋಡಬಹುದಿತ್ತು. ಹಾಗೆ ಕಾಯುತ್ತ ಕೂರುವ ತನ್ನನ್ನು ನೆನೆದು ಅವಳಿಗೆ ಹೆದರಿಕೆಯಾಯಿತು.

ಲಕೆಚ್‌ಳ ಕಡೆಯನ್ನು ಕಂಪ್ಯೂಟರಿಗೆ ಒಪ್ಪಿಸಿದಳು. ಅದು ಆಡುವ ಮೊದಲೇ ತನ್ನ ಕುದುರೆಯಿಂದ ಒಂದು ಕಾಲಾಳನ್ನು ಹೊಡೆದಳು.

ಉತ್ತರ ತಕ್ಷಣ ಬಂತು. ರಥ ನೇರವಾಗಿ ಸಾಗಿ ಅವಳ ಕುದುರೆಯನ್ನು ತೆಗೆದುಕೊಂಡಿತು. ನಡೆ ಸರಿಯಾಗಿತ್ತು, ನಿಯಮದಲ್ಲಿ ಒಂದು ಕೂದಲಿನಷ್ಟೂ ತಪ್ಪಿರಲಿಲ್ಲ. ಯಾರೂ ತೊಡೆ ತಟ್ಟಲಿಲ್ಲ, ಯಾರೂ ಕಳ್ಳಿ ಎನ್ನಲಿಲ್ಲ. ಸರದಿ ನಿನ್ನದು ಎಂದು ತೋರಿಸಿ ಕಂಪ್ಯೂಟರ್ ಸುಮ್ಮನಾಯಿತು. ಎಷ್ಟು ಹೊತ್ತಾದರೂ ಅದಕ್ಕೆ ಬೇಸರವಿರಲಿಲ್ಲ.