ಅರವತ್ತು ಎಂದು ತೋರಿಸಿದ ಕಾಲಂ

೨೦೦೬ರಲ್ಲಿ ಹೊನ್ನಾವರದ ಪಕ್ಕದ ಕಾಸರಕೋಡಿನ ಒಣಮೀನು ಹೆಂಗಸರ ಸಂಘಕ್ಕೆ ಸದಸ್ಯರ ಕಾರ್ಡು ಮಾಡಿಕೊಟ್ಟವನು ನಾನು. ಸಂಜೆ ತರಗತಿಯಲ್ಲಿ ಕಂಪ್ಯೂಟರ್ ಕಲಿತವನಾದ್ದರಿಂದ ಪ್ರತಿಯೊಂದನ್ನೂ ಎರಡು ಸಲ ನೋಡುತ್ತಿದ್ದೆ. ಹೆಸರಿನ ಕಾಲಂನ ಉದ್ದ ಅರವತ್ತು ಎಂದು ಪರದೆ ತೋರಿಸಿತು, ಅರವತ್ತು ಅಕ್ಷರವೆಂದು ನಂಬಿದೆ.

ಅಲ್ಲಿ ತಮ್ಮ ಹೆಸರೂ ಗಂಡನ ಹೆಸರೂ ಇನ್ನೊಬ್ಬ ಸದಸ್ಯೆಯದರಂತೆಯೇ ಇದ್ದವರಿಗೆ ಕೊನೆಯಲ್ಲಿ ಮನೆಯ ಹೆಸರು ಸೇರಿಸುವುದು ರೂಢಿ. ಮೀನು ಒಣಗಿಸುವ ಜಾಗ ಹಂಚಲು ಅದೇ ಪಟ್ಟಿಯಿಂದ ಚೀಟಿಗಳನ್ನು ಮುದ್ರಿಸಿ ಎತ್ತಿದರು. ದೋಣಿ ನಿಲ್ಲುವ ದಕ್ಕೆಯ ಹತ್ತಿರದ ಒಳ್ಳೆಯ ಜಾಗ ‘ದೇವಕಿ ನಾರಾಯಣ ತಾಂಡೇಲ’ ಎಂಬ ಹೆಸರಿಗೆ ಬಂತು. ಇಬ್ಬರು ಎದ್ದು ನಿಂತರು.

“ಅದು ನಂದು,” ಎಂದರು ಬಾವಿಮನೆಯ ದೇವಕಿ.

“ನನ್ನ ಕಾರ್ಡಲ್ಲೂ ಇದೇ ಅದ್ಯಲಾ,” ಎಂದು ತೆಂಗಿನಮನೆಯ ದೇವಕಿ ನನ್ನ ಕಡೆ ತಿರುಗಿದರು. “ಎಂತ ತಮ್ಮಾ, ಇಬ್ರಿಗೂ ಒಬ್ನೇ ಗಂಡನ್ನ ಕೊಟ್ಟು ಬಿಟ್ಯಾ?”

ಎಲ್ಲರೂ ನಕ್ಕರು.

ಕಂಪ್ಯೂಟರ್ ಇದ್ದ ಹೊನ್ನಾವರಕ್ಕೆ ಮರಳಿ ಆ ಕಾಲಂನಲ್ಲಿ ಒಂದೇ ಅಕ್ಷರವನ್ನು ಒತ್ತುತ್ತ ಹೋದೆ. ಉಳಿಸಿ ತೆರೆದರೆ ಇಪ್ಪತ್ತೇ ಇದ್ದವು. ಒಂದೊಂದು ಅಕ್ಷರಕ್ಕೂ, ಅದರ ಪ್ರತಿ ಸ್ವರಚಿಹ್ನೆಗೂ, ಸೊನ್ನೆಗೂ, ಪದಗಳ ನಡುವಿನ ಖಾಲಿ ಜಾಗಕ್ಕೂ ಆ ಕಾಲಂ ಮೂರು ಮೂರು ಬೈಟ್ ಮೀಸಲಿಡುತ್ತಿತ್ತು; ಪರದೆ ಹೇಳಿದ್ದು ಬೈಟುಗಳ ಲೆಕ್ಕ, ಅಕ್ಷರಗಳದ್ದಲ್ಲ. ‘ತಾಂಡೇಲ’ದ ನಂತರದ ಖಾಲಿ ಜಾಗವೇ ಇಪ್ಪತ್ತನೆಯದು. ಅರ್ಧ ಅಕ್ಷರವೂ ಉಳಿಯದೆ ಮನೆಯ ಹೆಸರು ಮಾತ್ರ ಹೋಗಿತ್ತು, ಎರಡು ಸಲ ನೋಡಿದರೂ ಕಾಣದಂತೆ.

ಕಾಲಂ ದೊಡ್ಡದು ಮಾಡಿ, ಅರ್ಜಿಗಳನ್ನು ನೋಡಿ ಹೆಸರುಗಳನ್ನು ಮತ್ತೆ ಟೈಪ್ ಮಾಡಿದೆ. ಮರುದಿನ ಸಂಘದಲ್ಲಿ ತಪ್ಪು ನನ್ನದೆಂದು ಹೇಳಿದೆ. ಇಬ್ಬರ ನಡುವೆ ಮತ್ತೆ ಚೀಟಿ ಎತ್ತಿದಾಗ ತೆಂಗಿನಮನೆ ಬಂತು.

ಬಾವಿಮನೆಯ ದೇವಕಿ ಹೊಸ ಕಾರ್ಡನ್ನು ನನ್ನ ಕೈಗಿಟ್ಟು, “ಓದು, ಕೊನೀವರೆಗೂ,” ಎಂದರು. ಓದಿದೆ.

“ಆತು,” ಎಂದು ಬುಟ್ಟಿ ಎತ್ತಿಕೊಂಡು, ಉಳಿದಿದ್ದ ದೂರದ ಜಾಗಕ್ಕೆ ನಡೆದರು.