ಮರೆಮ್ಮನ ರೊಟ್ಟಿ ಇಲಾಖೆ

ಶುಕ್ರವಾರ ಮರೆಮ್ಮ ಗುಡ್ಡದಿಂದ ಇಳಿಯುವಾಗ ಜಾರಿ ಬಿದ್ದಳು. ಅವಳಿಗೇನೂ ಆಗಲಿಲ್ಲ, ಬುಟ್ಟಿಯಲ್ಲಿದ್ದ ಅರವತ್ತು ಖಡಕ್ ರೊಟ್ಟಿಗಳು ಮಾತ್ರ ಗಾಲಿಗಳಂತೆ ಉರುಳಿ, ಅವಳಿಗಿಂತ ಮೊದಲೇ ರಸ್ತೆ ಮುಟ್ಟಿದವು. ಸದಾಶಿವ ಪೇಠದಲ್ಲಿ ಹೋಟೆಲು ನಡೆಸುವ, ಅವಳಿಂದ ರೊಟ್ಟಿ ಕೊಳ್ಳುವ ಲೀಲಾಕ್ಷಿ ಫೋನಿನಲ್ಲಿ ಹೇಳಿದಳು: “ನಿನ್ನ ರೊಟ್ಟಿ ಚಂದ ಉಂಟು ಮಾರಾಯ್ತಿ. ಆದ್ರೆ ಸೋಮವಾರವೂ ಬರದಿದ್ರೆ ಬೇರೆಯವರಿಗೆ ಹೇಳ್ಬೇಕಾಗ್ತದೆ.”

ಮಳೆಗೆ ದಾರಿ ಕುಸಿದು ತಿಂಗಳಾಗಿತ್ತು. ಗುಡ್ಡದ ಮೇಲಿನ ಇಪ್ಪತ್ತು ಮನೆಗಳಲ್ಲಿ ಹದಿನಾಲ್ಕು ಜನ ಗೌಂಡಿಗಳು. ಮಗರಪಟ್ಟಾದಲ್ಲಿ ಮುಗಿಲಿಗೆ ಮನೆ ಕಟ್ಟಿಕೊಟ್ಟ ಕೈಗಳು, ತಮ್ಮ ಓಣಿಗೆ ಮೆಟ್ಟಿಲು ಬೇಕೆಂದು ಅರ್ಜಿ ಬರೆದು ಸುಮ್ಮನಿದ್ದವು. ಅರ್ಜಿ ಇವರದು, ಮರ್ಜಿ ಕಚೇರಿಯದು.

“ಸರಕಾರದ ಕೆಲಸ ಸರಕಾರನೇ ಮಾಡ್ಬೇಕು,” ಎಂದು ಭಾನುವಾರವೂ ಕಟ್ಟೆಯ ಮೇಲೆ ಕೂತು ಹೇಳಿದ ಗಂಡ ಗುರಣ್ಣ, ಒಳಗೆ ತಿರುಗಿ ಕೂಗಿದ, “ಏ, ಉಣ್ಣಾಕ ನೀಡ.”

ಮರೆಮ್ಮ ಹೊರಗೆ ಬಂದು ಬಕೆಟ್ ಬೋರಲು ಹಾಕಿ ಕೂತಳು. ಗಂಡನ ಕನ್ನಡಕವನ್ನು ಮೂಗಿನ ತುದಿಗೆ ಏರಿಸಿ, ಥೇಟ್ ಕಚೇರಿಯ ಮರಾಠಿ ಸಾಹೇಬನ ಮೂಗುದನಿಯಲ್ಲಿ ಕರೆದಳು: “ಗುರಣ್ಣ ಮಲ್ಲಪ್ಪ ಅನ್ನೋರು ಯಾರ ಅದಾರ?”

ಮದುವೆಯಾದ ಹದಿನೆಂಟು ವರ್ಷದಲ್ಲಿ ಗಂಡನ ಹೆಸರು ಅವಳ ಬಾಯಿಂದ ಬಂದಿರಲಿಲ್ಲ. ನೆರೆಮನೆಯ ಮುದುಕಿ ರುದ್ರವ್ವ ಸೆರಗು ಬಾಯಿಗೆ ಒತ್ತಿದಳು. ಗುರಣ್ಣ ತನಗರಿವಿಲ್ಲದೆ ಎದ್ದು ನಿಂತ.

“ಊಟಕ್ಕ ಅರ್ಜಿ ಕೊಟ್ಟೀರೇನು? ಹಸಿವಿಗೆ ದಾಖಲೆ ಅದ? ಆಧಾರ್ ಝೆರಾಕ್ಸ್ ಎರಡು ತರ್ರಿ. ಸಾಹೇಬ್ರು ಮೀಟಿಂಗಿನಾಗ ಅದಾರ, ಉದ್ಯಾ ಯಾ, ನಾಳಿ ಬರ್ರಿ.”

“ರೊಟ್ಟಿ ಒಳಗ ಅದಾವಲ್ಲ ವೈನಿ,” ಎಂದ ಮೈದುನ ಭೀಮು. “ನಾವೇ ತಗೊಂಡು ತಿಂತೀವಿ.”

ಮರೆಮ್ಮ ಕನ್ನಡಕದ ಮೇಲಿಂದ ನೋಡಿದಳು. “ಕೈ ಇದ್ದವ್ರು ತಾವೇ ಮಾಡ್ಕೋಬಹುದು ಅಂತೀರಿ? ಬರ್ಕೋರಿ ಕಾರಕೂನ್ರ.” ರುದ್ರವ್ವ ಅಂಗೈ ಮೇಲೆ ಗಂಭೀರವಾಗಿ ಬರೆದುಕೊಂಡಳು.

ಮೊದಲು ನಕ್ಕವನು ಭೀಮು. ಗುರಣ್ಣ ತಲೆ ಕೆರೆದುಕೊಂಡ. “ಸಿಮೆಂಟ್ ಎಷ್ಟ ಅದನೋ?”

“ಎರಡ ಚೀಲ. ನಾಳಿ ಮತ್ತ ಕೊಡೋ ಅರ್ಜಿ ಹರಿದು ಒಗೀಲೇನಣ್ಣ?”

“ಹರೀಬ್ಯಾಡ. ಮೆಟ್ಟಲಾ ಅನ್ನೋದು ಹೊಡೆದು ಗಟಾರ ಅಂತ ಬರಿ. ಮಳಿ ನೀರಿಗೆ ದೊಡ್ಡ ಪೈಪು ಅವರೇ ಹಾಕ್ಬೇಕು.”

ಉಂಡು, ಹೊತ್ತು ಮುಳುಗುವವರೆಗೆ ಹದಿನಾಲ್ಕು ಗೌಂಡಿಗಳು ಹದಿನಾಲ್ಕು ಥರ ಜಗಳವಾಡಿ, ಗುಡ್ಡದ ಕಲ್ಲು ಕೂರಿಸಿ ಮೆಟ್ಟಿಲು ಕಟ್ಟಿದರು. ಬೆರಳಷ್ಟು ಓರೆಯಾಯಿತೆಂದು ಗುರಣ್ಣ ಒಂದನ್ನು ಕಿತ್ತು ಮತ್ತೆ ಕೂರಿಸಿದ.

ಸೋಮವಾರ ಹಸಿ ಸಿಮೆಂಟಿನ ಮೇಲೆ ಹಲಗೆ ಹಾಸಿದ್ದರು. ಮರೆಮ್ಮ ಇಳಿದು ಹತ್ತೂಮುಕ್ಕಾಲಿಗೆ ಹೋಟೆಲು ಸೇರಿದಳು. ಲೀಲಾಕ್ಷಿ ಒಂದು ರೊಟ್ಟಿಯ ಅಂಚು ಮುರಿದು ಬಾಯಿಗೆ ಹಾಕಿದಳು.

“ನಾಳೆಯಿಂದ ಎಂಬತ್ತು ತರ್ಲಿಕ್ಕೆ ಆಗ್ತದಾ?”

“ತರ್ತೀನ್ರಿ ಅಕ್ಕಾರ.”

ಮರಳುವಾಗ ಮರೆಮ್ಮ ಇಪ್ಪತ್ತು ಕಿಲೋ ಜೋಳ ಕೊಂಡು ಗಂಡನಿಗೆ ಫೋನ್ ಹಚ್ಚಿದಳು. “ಚೀಲ ಹೊರಾಕ ಗುಡ್ಡದ ಕೆಳಗ ಬರ್ರಿ.”

“ಕೆಳಗಿನ ಮೆಟ್ಟಲದ ಹಲಗಿ ಮ್ಯಾಲೇ ಕೂತೀನಿ,” ಎಂದ ಗುರಣ್ಣ. “ಸಿಮೆಂಟ್ ಇನ್ನಾ ಹಸಿ ಅದ. ಮುಂಜಾನಿಂದ ಎರಡ ಆಡು ಓಡಿಸೀನಿ.”