ದಿನಕ್ಕೆ ನಲವತ್ತು ತುಂಡು

ಐಸ್ ಮೇಕರ್ ಇರುವ ಫ್ರಿಜ್ಜು ಕೊಳ್ಳಬಹುದೇ ಎಂದು ಯಾರಾದರೂ ಕೇಳಿದರೆ, ಬೇಡ ಎನ್ನಲು ನನಗೆ ಅರ್ಧ ನಿಮಿಷವೂ ಬೇಕಾಗುತ್ತಿರಲಿಲ್ಲ. ಇಪ್ಪತ್ತೊಂಬತ್ತು ವರ್ಷ ಫ್ರಿಜ್ಜು ರಿಪೇರಿ ಮಾಡಿದವನು ನಾನು. ಹೊಸ ಫ್ರಿಜ್ಜಿನಲ್ಲಿ ಎಲ್ಲಕ್ಕಿಂತ ಮೊದಲು ಕೈಕೊಡುವುದು ಅದೇ. ಪೈಪು ಕಟ್ಟುತ್ತದೆ, ವಾಲ್ವ್ ಸೋರುತ್ತದೆ, ಫ್ರೀಜರಿನ ಕಾಲುಭಾಗ ಜಾಗ ನುಂಗಿ ಕೂತಿರುತ್ತದೆ. ಎರಡು ಪ್ಲಾಸ್ಟಿಕ್ ಟ್ರೇ ಮಾಡುವ ಕೆಲಸಕ್ಕೆ ಇಷ್ಟೊಂದು ಡೌಲು ಯಾಕೆ ಎಂದು ಗಿರಾಕಿಗಳಿಗೆ ಹೇಳಿ ಹೇಳಿ ನನ್ನ ಬಾಯಿ ಸವೆದಿತ್ತು. ನಮ್ಮ ಮನೆಗೇ ಫ್ರಿಜ್ಜು ಕೊಳ್ಳುವ ದಿನ ಬಂದಾಗ ಈ ಮಾತು ಯಾವುದೂ ನಡೆಯಲಿಲ್ಲ.

ನನ್ನ ಹೆಂಡತಿಯ ಎರಡೂ ಕಿಡ್ನಿ ಕೆಲಸ ನಿಲ್ಲಿಸಿ ಆಗ ಒಂದೂವರೆ ವರ್ಷವಾಗಿತ್ತು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಮೈಯಲ್ಲಿ ಸೇರಿದ ನೀರು ಹೊರಗೆ ಹೋಗಲು ಆ ಯಂತ್ರ ಬಿಟ್ಟರೆ ಬೇರೆ ದಾರಿಯಿಲ್ಲ. ಅದಕ್ಕೇ ಒಳಗೆ ಹೋಗುವ ನೀರಿಗೆ ಅಳತೆ. ಚಹಾ, ಮಾತ್ರೆ ನುಂಗುವ ಗುಟುಕು ಎಲ್ಲ ಸೇರಿ ದಿನಕ್ಕೆ ಎಂಟುನೂರು ಮಿಲಿ. ಹೆಚ್ಚಾದರೆ ನೀರು ಶ್ವಾಸಕೋಶಕ್ಕೆ ಏರುತ್ತದೆ. ಒಂದು ಸಲ ಏರಿತ್ತು. ಮೆಟ್ಟಿಲ ಮೇಲೆ ಕುಸಿದು ಕೂತು, ಬಾಯಿ ತೆರೆದು ಗಾಳಿಗಾಗಿ ಒದ್ದಾಡಿದ ಅವಳ ಮುಖವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಂದಿನಿಂದ ಅವಳ ಕೈಯಲ್ಲಿ ನೀರಿನ ಲೋಟ ಕಂಡರೆ ನನಗೆ ಭಯ.

ಬಾಯಾರಿಕೆಗೆ ನೀರಿಗಿಂತ ಐಸ್ ತುಂಡು ಒಳ್ಳೆಯದು ಎಂದು ಹೇಳಿಕೊಟ್ಟವಳು ಡಯಾಲಿಸಿಸ್ ನರ್ಸು. ಒಂದು ಗುಟುಕು ನೀರು ಗಂಟಲಿಗಿಳಿದ ಕೂಡಲೇ ಮಾಯ. ಅಷ್ಟೇ ನೀರಿನ ಐಸ್ ಐದು ನಿಮಿಷ ಬಾಯಲ್ಲಿರುತ್ತದೆ. ಹಾಗಾಗಿ ಅವಳ ಪಾಲಿನ ಅರ್ಧ ಐಸ್ ಎಂದಾಯಿತು. ತುಂಡಿಗೆ ಹತ್ತು ಮಿಲಿ, ದಿನಕ್ಕೆ ನಲವತ್ತು ತುಂಡು. ಸಿರಿಂಜಿನಲ್ಲಿ ಅಳೆದು ಟ್ರೇಗೆ ತುಂಬುವವನೂ ನಾನೇ, ಎಣಿಸಿ ಕೊಡುವವನೂ ನಾನೇ. ಕೆಲಸಕ್ಕೆ ಹೋಗುವಾಗ ಹಗಲಿನ ಪಾಲನ್ನು ಥರ್ಮಾಸಿನಲ್ಲಿ ಹಾಕಿಟ್ಟು ಹೋಗುತ್ತಿದ್ದೆ. ಸಂಜೆ ಅವಳು, ಇನ್ನೊಂದು ಕೊಡ್ತೀರಾ, ಎಂದು ಕೇಳುವಳು. ನಾನು ಗಡಿಯಾರ ನೋಡುವೆ. ಅದು ಪ್ರೀತಿ ಎಂದೇ ನಾನು ತಿಳಿದಿದ್ದೆ. ಈಗಲೂ ಅಲ್ಲ ಎನ್ನಲಾರೆ.

ಅವಳನ್ನು ಬರೀ ರೋಗಿ ಎಂದುಕೊಳ್ಳಬೇಡಿ. ನನ್ನ ಅಂಗಡಿಯ ಫೋನು ಮೊದಲಿನಿಂದಲೂ ಅವಳದೇ. ಗಿರಾಕಿ ಫೋನು ಮಾಡಿ ಪುರಾಣ ಬಿಚ್ಚಿದರೆ ಅವಳು ಕೇಳುತ್ತಿರಲಿಲ್ಲ. ಫೋನನ್ನು ಫ್ರಿಜ್ಜಿನ ಹಿಂದೆ ಹಿಡಿಯಲು ಹೇಳಿ, ಕಣ್ಣು ಮುಚ್ಚಿ ಅರ್ಧ ನಿಮಿಷ ಸದ್ದು ಕೇಳಿ, ಯಾವುದು ಕೆಟ್ಟಿದೆ ಎಂದು ಚೀಟಿ ಬರೆಯುವಳು: ಫ್ಯಾನು, ರಿಲೇ ಅಥವಾ ಗ್ಯಾಸು. ನಾನು ಚೀಟಿ ನೋಡಿ ಅದಕ್ಕೆ ತಕ್ಕ ಸಾಮಾನು ಹೊತ್ತು ಹೊರಡುವೆ. ಕಂಪ್ರೆಸರುಗಳ ಪಕ್ಕ ಕೂತು ಕೂತು ನನ್ನ ಕಿವಿ ಮಂದವಾಗಿದೆ. ನಮ್ಮ ಕಸುಬಿನಲ್ಲಿ ಕಿವಿ ಅವಳದು, ಕೈ ನನ್ನದು. ಅವಳ ಚೀಟಿಯನ್ನು ನಾನು ಒಂದು ದಿನವೂ ಅನುಮಾನಿಸಿದವನಲ್ಲ.

ನಮ್ಮ ಹಳೆಯ ಫ್ರಿಜ್ಜಿಗೆ ನಾನು ಎರಡು ಸಲ ಕಂಪ್ರೆಸರ್ ಬದಲಿಸಿ ಜೀವ ಹಿಡಿದಿಟ್ಟಿದ್ದೆ. ಈ ಸಲ ಅದರ ಗೋಡೆಯೊಳಗಿನ ಗ್ಯಾಸ್ ಪೈಪೇ ತೂತಾಯಿತು, ಅದಕ್ಕೆ ಮದ್ದಿಲ್ಲ. ಬೇರೆ ಮನೆಯಲ್ಲಿರುವ ಮಗಳು ಬಂದು ನಮ್ಮಿಬ್ಬರನ್ನೂ ಶೋರೂಮಿಗೆ ಎಳೆದುಕೊಂಡು ಹೋದಳು. ಐಸ್ ಮೇಕರ್ ಇರುವುದೇ ಬೇಕು, ಅಮ್ಮನಿಗೆ ಅನುಕೂಲ ಎಂದು ಅವಳ ಹಟ. ಸೇಲ್ಸಿನವನಂತೂ ನಾನು ಯಾರೆಂದು ಗೊತ್ತಿಲ್ಲದೆ, ಫ್ರಿಜ್ಜು ಹೇಗೆ ತಣ್ಣಗಾಗುತ್ತದೆ ಎಂದು ನನಗೇ ಪಾಠ ಮಾಡುತ್ತಿದ್ದ. ನಾನು ಐಸ್ ಮೇಕರಿನ ಜಾತಕವನ್ನೆಲ್ಲ ಬಿಚ್ಚಿಟ್ಟೆ. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ನಿಜವಾದ ಕಾರಣವನ್ನು ನಾನು ಹೇಳಲಿಲ್ಲ: ತಾನೇ ತೆಗೆದುಕೊಳ್ಳುವಂತಾದರೆ ಅವಳು ಎಣಿಸುವುದಿಲ್ಲ ಎಂಬ ಹೆದರಿಕೆ.

ನಾವು ವಾದ ಮಾಡುತ್ತಿದ್ದಾಗ ಹೆಂಡತಿ ಸಾಲಾಗಿ ನಿಂತ ಫ್ರಿಜ್ಜುಗಳಿಗೆ ಒಂದೊಂದಾಗಿ ಕಿವಿಯಿಟ್ಟು ಕೇಳುತ್ತಾ ಹೋಗಿ, ಕೊನೆಯಲ್ಲಿ ಒಂದರ ಬಳಿ ನಿಂತಳು. ಸದ್ದು ಶುದ್ಧವಾಗಿತ್ತಂತೆ. ಒಳಗೆ ಐಸ್ ಮೇಕರ್ ಇತ್ತು. ನಾನು ಬಾಯಿ ತೆರೆಯುವ ಮುಂಚೆ ಅವಳು ಮೆಲ್ಲಗೆ ಹೇಳಿದಳು.

"ಒಂದೊಂದು ತುಂಡಿಗೂ ನಿಮ್ಮ ಮುಖ ನೋಡಿ ನೋಡಿ ಸಾಕಾಗಿದೆ ರೀ. ನನ್ನ ಬಾಯಾರಿಕೆ. ನಾನೇ ಎಣಿಸ್ಕೋತೀನಿ."

ಮಗಳು ನೆಲ ನೋಡಿದಳು. ಸೇಲ್ಸಿನವನ ಪಾಠವೂ ನಿಂತಿತು. ಅದನ್ನೇ ಕೊಂಡೆವು.

ಜೋಡಿಸಲು ಕಂಪನಿಯವರನ್ನು ನಾನು ಒಳಗೆ ಬಿಡಲಿಲ್ಲ. ನಾನೇ ಹಿಂದೆ ನೀರಿನ ಪೈಪು ಎಳೆದು, ನಲ್ಲಿ ಕೂರಿಸಿ, ಐಸ್ ಮೇಕರಿನ ಮುಚ್ಚಳ ಬಿಚ್ಚಿ, ಮಾಡಬೇಕಾದ್ದನ್ನೆಲ್ಲ ಮಾಡಿ ಮುಚ್ಚಿದೆ. ಸಾವಿರ ಸಲ ಮಾಡಿದ ಕೆಲಸ. ಬಾಯಿ ಗೊಣಗುತ್ತಿತ್ತು, ಕೈ ತನ್ನ ಪಾಡಿಗೆ ತಾನು ಮಾಡಿ ಮುಗಿಸಿತು. ಅವಳು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು ಕಂಪನಿಯ ಪುಸ್ತಕ ಓದಿ ಹೇಳಿದಳು: ಒಂದು ಸಲಕ್ಕೆ ಎಂಟು ತುಂಡು, ಒಟ್ಟು ಎಂಬತ್ತು ಮಿಲಿ. ತುಂಡಿಗೆ ಸರಿಯಾಗಿ ಹತ್ತು. ಹಳೆಯ ಕೋಟಿನಿಂದ ಕತ್ತರಿಸಿಟ್ಟಿದ್ದ ಗುಂಡಿಗಳನ್ನು ಹುಡುಕಿ, ಸಾಲದ್ದಕ್ಕೆ ಅಂಗಿಯ ಗುಂಡಿಗಳನ್ನೂ ಸೇರಿಸಿ, ನಲವತ್ತು ಮಾಡಿದಳು. ಫ್ರಿಜ್ಜಿನ ಮೇಲೆ ಎರಡು ಡಬ್ಬಿ. ಒಂದು ತುಂಡು ತಿಂದರೆ ಒಂದು ಗುಂಡಿ ಈ ಡಬ್ಬಿಯಿಂದ ಆ ಡಬ್ಬಿಗೆ.

ಆ ವಾರ ಅವಳು ಬೇರೆಯೇ ಹೆಂಗಸಾದಳು. ಕೇಳಬೇಕಾಗಿಲ್ಲ, ಕಾಯಬೇಕಾಗಿಲ್ಲ. ಎದ್ದು ಹೋಗಿ ಒಂದು ತುಂಡು ಬಾಯಿಗೆ ಹಾಕಿಕೊಂಡು, ಟಿಕ್ ಎಂದು ಗುಂಡಿ ಹಾಕಿ, ಕೆನ್ನೆ ಉಬ್ಬಿಸಿಕೊಂಡೇ ಫೋನಿನಲ್ಲಿ ಗಿರಾಕಿಗಳ ಕಿವಿ ಹಿಂಡುತ್ತಿದ್ದಳು. ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ ಎಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ.

ಸೋಮವಾರ ಡಯಾಲಿಸಿಸ್ಸಿಗೆ ಮುಂಚೆ ತೂಕ ನೋಡಿದರು. ಶುಕ್ರವಾರದಿಂದ ಸೋಮವಾರಕ್ಕೆ ಯಾವಾಗಲೂ ಏರುತ್ತಿದ್ದುದು ಎರಡು ಕಿಲೋ. ಈ ಸಲ ಎರಡು ಕಿಲೋ ಆರುನೂರು. ಲೆಕ್ಕ ಸರಿಯಾಗಿ ಇಡುತ್ತಿದ್ದೀರಾ ಎಂದು ನರ್ಸು ಕೇಳಿದಳು. ನಲವತ್ತಕ್ಕೆ ಒಂದೂ ಹೆಚ್ಚಿಲ್ಲ ಎಂದಳು ಇವಳು. ನರ್ಸು ನನ್ನ ಮುಖ ನೋಡಿದಳು. ಹೌದು ಸಿಸ್ಟರ್, ಇವಳು ಸುಳ್ಳು ಹೇಳುವವಳಲ್ಲ ಎಂದು ನಾನು ಹೇಳಬಹುದಿತ್ತು. ನಾನು ಸುಮ್ಮನೆ ನೆಲ ನೋಡಿದೆ. ಅದನ್ನು ಹೆಂಡತಿ ಗಮನಿಸಿದಳು.

ಮುಂದಿನ ಸೋಮವಾರವೂ ಅಷ್ಟೇ. ಅದಕ್ಕೆ ಹಿಂದಿನ ಸಂಜೆ ಅವಳು ಮಲಗಲಾಗದೆ ಮೂರು ದಿಂಬು ಒರಗಿ ಕೂತಿದ್ದಳು. ಉಸಿರಿನ ಜೊತೆ ಸಣ್ಣ ಸಿಳ್ಳು ಬರುತ್ತಿತ್ತು. ನನ್ನ ಮಂದ ಕಿವಿಗೂ ಅದು ಕೇಳಿಸಿತು. ಮೆಟ್ಟಿಲ ಮೇಲಿನ ಆ ಮುಖ ಮತ್ತೆ ಕಣ್ಣಮುಂದೆ ಬಂತು. ಕದ್ದು ತಿನ್ನುತ್ತಿದ್ದಾಳೆ, ಗುಂಡಿ ಆಟ ಬರೀ ನಾಟಕ ಎಂದು ನಾನು ತೀರ್ಮಾನಿಸಿದೆ.

ಮಂಗಳವಾರ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಫ್ರಿಜ್ಜಿನ ಹಿಂದೆ ಕೈ ಹಾಕಿ ನಲ್ಲಿ ತಿರುಗಿಸಿ ನೀರು ನಿಲ್ಲಿಸಿದೆ. ಇದ್ದ ಐಸನ್ನೆಲ್ಲ ಸಿಂಕಿಗೆ ಸುರಿದೆ. ಅವಳು ಬಂದಾಗ ನಾನು ಮುಚ್ಚಳ ಬಿಚ್ಚಿಕೊಂಡು, ಟಾರ್ಚು ಹಿಡಿದು, ಮುಖ ಗಂಟಿಕ್ಕಿಕೊಂಡು ನಿಂತಿದ್ದೆ. ಹಾಳಾಗಿದೆ, ಬೋರ್ಡೇ ಹೋಗಿದೆ, ಹೊಸದು ಬರಲು ತಿಂಗಳಾಗುತ್ತದೆ ಎಂದೆ. ಮಗಳಿಗೂ ಫೋನು ಮಾಡಿ, ನಾನು ಮೊದಲೇ ಬಡಕೊಂಡಿದ್ದೆ ಎಂದು ಹೇಳಿದೆ. ಹೆಂಡತಿ ಗುಂಡಿಯ ಡಬ್ಬಿಗಳೆರಡನ್ನೂ ತೆಗೆದು ಬೀರುವಿನಲ್ಲಿಟ್ಟಳು. ಮತ್ತೆ ಸಿರಿಂಜು, ಮತ್ತೆ ಟ್ರೇ, ಮತ್ತೆ ಗಡಿಯಾರ.

ಮುಂದಿನ ಸೋಮವಾರ ತೂಕ ಎರಡೇ ಕಿಲೋ ಏರಿತ್ತು. ನರ್ಸು ಮೆಚ್ಚಿಕೊಂಡಳು. ನಾನು ಹೆಂಡತಿಯ ಕಡೆ, ನೋಡಿದೆಯಾ ಎನ್ನುವ ಹಾಗೆ ನೋಡಿದೆ. ಅವಳು ಕಿಟಕಿಯ ಕಡೆ ನೋಡುತ್ತಿದ್ದಳು.

ಅದೇ ವಾರದ ಭಾನುವಾರ ನಾನು ಮನೆಯಲ್ಲೇ ಇದ್ದೆ. ಊಟದ ಹೊತ್ತಿಗೆ ಫೋನು ಬಂತು. ಯಾರೋ ಹೆಂಗಸು, ಅವರ ಐಸ್ ಮೇಕರ್ ನಿಂತುಹೋಗಿತ್ತು. ಇವಳು ಎಂದಿನಂತೆ ಫೋನನ್ನು ಫ್ರಿಜ್ಜಿನ ಹಿಂದೆ ಹಿಡಿಯಲು ಹೇಳಿ, ಅದು ನೀರು ತೆಗೆದುಕೊಳ್ಳುವ ಹೊತ್ತಿನವರೆಗೂ ಕಾದು ಕೇಳಿದಳು. ಆಮೇಲೆ ನನ್ನನ್ನೇ ನೋಡುತ್ತಾ ಫೋನಿನಲ್ಲಿ ಹೇಳಿದಳು.

"ಏನೂ ಹಾಳಾಗಿಲ್ಲಮ್ಮಾ. ವಾಲ್ವ್ ಝುಂಯ್ ಅಂತಿದೆ, ನೀರಿನ ಸದ್ದಿಲ್ಲ. ಯಾರೋ ಹಿಂದಿನ ನಲ್ಲಿ ಮುಚ್ಚಿದಾರೆ ಅಷ್ಟೇ. ನಮ್ಮನೇದೂ ಹನ್ನೆರಡು ದಿನದಿಂದ ಹೀಗೇ ಅಂತಿದೆ."

ನನ್ನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ನಾನು ಮುಚ್ಚಿದ ಮೊದಲ ದಿನವೇ ಅವಳಿಗೆ ಗೊತ್ತಾಗಿತ್ತು. ನಾನು ಟಾರ್ಚು ಹಿಡಿದು ಆಡಿದ ಆಟವನ್ನೆಲ್ಲ ಅವಳು ಗೊತ್ತಿದ್ದೂ ನೋಡಿದ್ದಳು. ಸಿಕ್ಕಿಬಿದ್ದವನಿಗೆ ಸಿಟ್ಟೇ ಮೊದಲು ಬರುವುದು. ನೀನು ಕದ್ದು ತಿಂದದ್ದಕ್ಕೇ ಮುಚ್ಚಿದ್ದು, ಆರುನೂರು ಗ್ರಾಂ ಆಕಾಶದಿಂದ ಬಂತೇ ಎಂದು ಕೂಗಾಡಿದೆ. ಅವಳು ದನಿ ಏರಿಸಲಿಲ್ಲ. ನಲ್ಲಿ ತೆರೆಯಿರಿ, ಅಳೆದು ನೋಡೋಣ ಎಂದಳು.

ಎರಡು ಗಂಟೆ ಕಾದೆವು. ಎಂಟು ಅರ್ಧಚಂದ್ರದ ತುಂಡುಗಳು ದಡದಡನೆ ಬಿದ್ದವು. ಹಳೆಯ ಟ್ರೇಯ ಚೌಕ ತುಂಡಿನ ಪಕ್ಕ ಇಟ್ಟರೂ ಯಾವುದು ದೊಡ್ಡದೆಂದು ಕಣ್ಣಿಗೆ ತಿಳಿಯುವಂತಿರಲಿಲ್ಲ. ಎಂಟನ್ನೂ ಅಳತೆಯ ಲೋಟಕ್ಕೆ ಹಾಕಿ, ಲೋಟವನ್ನು ಬಿಸಿನೀರಿನಲ್ಲಿಟ್ಟು ಕರಗಿಸಿದೆ. ನೀರು ಎಂಬತ್ತರ ಗೆರೆ ದಾಟಿ ನೂರಿಪ್ಪತ್ತಕ್ಕೆ ನಿಂತಿತು.

ಆಗ ನನ್ನ ಬಲಗೈಗೆ ನೆನಪಾಯಿತು. ಐಸ್ ಮೇಕರಿನ ಮುಚ್ಚಳದ ಒಳಗೆ ಒಂದು ಸಣ್ಣ ತಿರುಪಿರುತ್ತದೆ, ಪ್ರತಿ ಸಲ ಎಷ್ಟು ನೀರು ತುಂಬಬೇಕು ಎಂಬುದಕ್ಕೆ. ತುಂಡು ಸಣ್ಣದಾಯಿತು ಎಂದು ಗಿರಾಕಿಗಳು ಎರಡನೇ ದಿನವೇ ಗೋಳಾಡುತ್ತಾರೆಂದು, ಹೊಸದನ್ನು ಜೋಡಿಸುವಾಗಲೇ ನಾನು ಅದನ್ನು ಒಂದು ಸುತ್ತು ಹೆಚ್ಚಿಗೆ ತಿರುಗಿಸಿಬಿಡುತ್ತೇನೆ. ಎಲ್ಲರ ಮನೆಯಲ್ಲೂ. ಇಲ್ಲೂ ತಿರುಗಿಸಿದ್ದೆ. ಅವಳು ಪಕ್ಕದಲ್ಲೇ ಕೂತು ಎಂಬತ್ತು ಎಂದು ಓದುತ್ತಿದ್ದಾಗಲೇ ಕೈ ತಿರುಗಿಸಿತ್ತು. ತುಂಡಿಗೆ ಐದು ಮಿಲಿ ಹೆಚ್ಚು, ದಿನಕ್ಕೆ ಇನ್ನೂರು, ಮೂರು ದಿನಕ್ಕೆ ಆರುನೂರು. ತೂಕದ ಯಂತ್ರ ಹೇಳಿದ್ದು ಸರಿ. ಅವಳು ಹೇಳಿದ್ದೂ ಸರಿ. ನನ್ನ ಹೆಂಡತಿಯ ಎದೆಗೆ ನೀರು ಏರಿಸಿದವನು ನಾನು.

ಕಂಪನಿಯವರ ತಪ್ಪು ಎನ್ನಬಹುದಿತ್ತು. ನಂಬುತ್ತಿದ್ದಳೋ ಏನೋ. ಆದರೆ ಇನ್ನೊಂದು ಸುಳ್ಳಿಗೆ ನನ್ನಲ್ಲಿ ಜಾಗ ಉಳಿದಿರಲಿಲ್ಲ. ತಿರುಪು ತೋರಿಸಿ ಹೇಳಿದೆ. ಬಯ್ಯಲಿ ಎಂದು ಕಾದೆ.

ಅವಳು ಲೋಟದ ನೀರನ್ನು ಸಿಂಕಿಗೆ ಚೆಲ್ಲಿದಳು.

"ತಿರುಪು ಮರೆವು ರೀ, ಅದು ಹೋಗಲಿ," ಎಂದಳು. "ಇಷ್ಟು ವರ್ಷ ಕಂಡವರ ಫ್ರಿಜ್ಜಿನ ವಿಷಯದಲ್ಲಿ ನಾನು ಹೇಳಿದ್ದನ್ನ ಹೌದು ಅಂದ್ಕೊಂಡು ಸಾಮಾನು ಹೊತ್ಕೊಂಡು ಹೋದ್ರಿ. ನಾನು ನಲವತ್ತೇ ತಿಂದೆ ಅಂದಾಗ ನೆಲ ನೋಡಿದ್ರಿ."

ಅವಳು ಕೈ ಚಾಚಿದಳು. ಸ್ಕ್ರೂಡ್ರೈವರ್ ಕೊಟ್ಟೆ. ಅವಳೇ ಬಗ್ಗಿ, ಏದುಸಿರು ಬಿಡುತ್ತಾ, ತಿರುಪನ್ನು ಒಂದು ಸುತ್ತು ಹಿಂದಕ್ಕೆ ತಿರುಗಿಸಿದಳು. ರಾತ್ರಿಯೊಳಗೆ ಇನ್ನೆರಡು ಸಲ ಕರಗಿಸಿ ಅಳೆದೆವು. ಎರಡು ಸಲವೂ ಎಂಬತ್ತು.

ಮರುದಿನ ನರ್ಸಿನ ಮುಂದೆ, ಅವಳು ಹೇಳದಿದ್ದರೂ, ನಾನೇ ಎಲ್ಲವನ್ನೂ ಒಪ್ಪಿಸಿದೆ. ಲೆಕ್ಕ ತಪ್ಪಿಸಿದ್ದು ನಾನು, ಇವಳಲ್ಲ ಎಂದೆ. ನರ್ಸು ನಕ್ಕು, ಸದ್ಯ, ಗೊತ್ತಾಯಿತಲ್ಲ ಎಂದು ತೂಕ ಬರೆದುಕೊಂಡಳು. ಇನ್ನು ಎಲ್ಲ ಸರಿಹೋಯಿತು ಎಂದುಕೊಂಡು ನಾನು ಹಗುರಾಗಿ ಮನೆಗೆ ಬಂದೆ.

ಸಂಜೆ ಅವಳು ಬೀರುವಿನಿಂದ ಡಬ್ಬಿಗಳನ್ನು ತೆಗೆದು, ಹಗಲು ತಿಂದ ತುಂಡುಗಳಿಗೂ ಗುಂಡಿ ಹಾಕಿ, ಮತ್ತೆ ಫ್ರಿಜ್ಜಿನ ಮೇಲಿಟ್ಟಳು. ನಾನು ಹೊರಗಿನ ಕೋಣೆಯಲ್ಲಿ ಯಾರದೋ ಫ್ಯಾನ್ ಮೋಟಾರ್ ಬಿಚ್ಚುತ್ತಾ ಕೂತಿದ್ದೆ. ಫ್ರೀಜರಿನ ಬಾಗಿಲು ತೆರೆದ ಸದ್ದು, ಗುಂಡಿಯ ಟಿಕ್. ಅದರ ಹಿಂದೆಯೇ ಅವಳ ದನಿ, ನನ್ನ ಮಂದ ಕಿವಿಗೆ ಕೇಳುವಷ್ಟು ಗಟ್ಟಿಯಾಗಿ.

"ಹತ್ತೊಂಬತ್ತು."

ನನಗೆ ಹೇಳಬೇಕಾಗಿಲ್ಲ ಎಂದೆ. ಅರ್ಧ ಗಂಟೆಯಾದ ಮೇಲೆ, ಇಪ್ಪತ್ತು ಎಂದಳು. ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ, ನಂಬುತ್ತೇನೆ ಕಣೇ, ಎಣಿಸಿ ಹೇಳಬೇಡ ಎಂದು ಬೇಡಿಕೊಂಡೆ. ಅವಳು ಐಸ್ ಬಾಯಲ್ಲಿಟ್ಟುಕೊಂಡೇ ಇಲ್ಲ ಎಂದು ತಲೆಯಾಡಿಸಿದಳು. ಸಿಟ್ಟಿರಲಿಲ್ಲ, ಅಣಕವೂ ಇರಲಿಲ್ಲ.

ಇದೆಲ್ಲ ಆಗಿ ಏಳು ತಿಂಗಳಾಯಿತು. ತೂಕ ಒಂದು ಸಲವೂ ತಪ್ಪಿಲ್ಲ. ಐಸ್ ಮೇಕರ್ ಒಂದು ಸಲವೂ ಕೆಟ್ಟಿಲ್ಲ. ನಾನು ಮನೆಯಲ್ಲಿದ್ದರೆ ಅವಳು ಈಗಲೂ ಪ್ರತಿ ತುಂಡಿಗೂ ಎಷ್ಟನೆಯದೆಂದು ಕೂಗಿ ಹೇಳುತ್ತಾಳೆ. ನಾನು ಕೆಲಸ ನಿಲ್ಲಿಸಿ, ಹೂಂ ಎನ್ನುತ್ತೇನೆ.